ಕೂಸು ಉಸಿರು ನಿಲ್ಲಿಸುತ್ತದೆ, ಸಿಸ್ಟರ್ ಪಾದ ತಟ್ಟಿ ಹೋಗುತ್ತಾರೆ. ಇದು ಸರೀನಾ?

ಆಳಂದದ_ಅಪ್ಪ · ಫೆಬ್ರವರಿ 11, ರಾತ್ರಿ 11:48

ಕಲಬುರಗಿಯ ಒಂದು ದವಾಖಾನೆಯ ಎನ್‌ಐಸಿಯು (ಹಸುಗೂಸುಗಳ ತೀವ್ರ ನಿಗಾ ಕೋಣೆ) ಹೊರಗೆ ಚಾಪೆ ಹಾಸಿಕೊಂಡು ಕೂತಿದ್ದೇನೆ. ಯಾವ ದವಾಖಾನೆ ಅಂತ ಕೇಳಬೇಡಿ, ಕೂಸು ಇನ್ನೂ ಒಳಗೇ ಇದೆ. ಮೊದಲ ಕೂಸು, ಹೆಣ್ಣು. ಫೆಬ್ರವರಿ 2ಕ್ಕೆ ಹುಟ್ಟಿತು, 29 ವಾರ 2 ದಿನಕ್ಕೆ. ತೂಕ 1150 ಗ್ರಾಂ. ಮೊದಲ ಐದು ದಿನ ಮೂಗಿಗೆ ಸಿಪ್ಯಾಪ್, ಅಂದರೆ ಒತ್ತಡದಿಂದ ಗಾಳಿ ಬಿಡುವ ನಳಿಗೆ, ಇತ್ತು. ಈಗ ತೆಗೆದಿದ್ದಾರೆ.

ಇವತ್ತು ಸಂಜೆ ಒಳಗೆ ಬಿಟ್ಟರು. ಕೂಸು ನಿದ್ದೆಯಲ್ಲಿತ್ತು, ಎದೆ ಮೇಲೆ ಕೆಳಗೆ ಆಡುತ್ತಿತ್ತು. ನೋಡನೋಡುತ್ತಲೇ ಆಟ ನಿಂತಿತು. ನನ್ನ ಕಣ್ಣೇ ಮೋಸ ಮಾಡಿತು ಅಂದುಕೊಂಡೆ. ಆಮೇಲೆ ಮಿಷನ್ ಕೂಗಿತು. ಆಕ್ಸಿಜನ್ 93 ಇದ್ದದ್ದು 84, 76, 71. ತುಟಿ ನೀಲಿ. ನಾನು ಚೀರಿದೆ. ಸಿಸ್ಟರ್ ಓಡಿ ಬರಲಿಲ್ಲ, ನಡೆದು ಬಂದರು. ಪಾದಕ್ಕೆ ಬೆರಳಿನಿಂದ ಎರಡು ಸಲ ತಟ್ಟಿದರು, ಬೆನ್ನು ಉಜ್ಜಿದರು. ಕೂಸು ಮುಲುಗಿತು, ಉಸಿರು ಬಂತು. ಹಾಳೆಯ ಮೇಲೆ ಏನೋ ಗೀಚಿ ಪಕ್ಕದ ಕೂಸಿನ ಬಿಸಿ ಪೆಟ್ಟಿಗೆ ಕಡೆ ಹೋದರು. ಕೇಳಿದ್ದಕ್ಕೆ "ಏಳು ತಿಂಗಳ ಕೂಸಿಗೆ ಇದು ಆಗ್ತದ ರೀ" ಅಂದರು, ಅಷ್ಟೇ.

ಆ ಹಾಳೆಯಲ್ಲಿ ಇವತ್ತಿನ ತಾರೀಖಿಗೆ ಐದು ಸಾಲು ಇದ್ದವು. ಐದು ಸಲ ಉಸಿರು ನಿಂತಿದೆ, ನಮಗೆ ಒಬ್ಬರೂ ಹೇಳಿಲ್ಲ! ನಮ್ಮ ಮಾವ ಸೊಲ್ಲಾಪುರಕ್ಕೆ ಒಯ್ಯೋಣ ಅನ್ನುತ್ತಾರೆ, ತಮ್ಮ ಹೈದರಾಬಾದ್ ಅನ್ನುತ್ತಾನೆ. ಬೆಳಗ್ಗೆ ಗಾಡಿ ಮಾಡಲಾ? ಗೊತ್ತಿರುವವರು ಹೇಳಿ. ನಿದ್ದೆ ಬರುತ್ತಿಲ್ಲ.

ಬೀದರ್_ಸಿಸ್ಟರ್ · ಫೆಬ್ರವರಿ 12, ಬೆಳಗಿನ ಜಾವ 3:20

ಅಣ್ಣಾ, ನಾನೂ ಇದೇ ಕೆಲಸದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಈಗ ನೈಟ್ ಡ್ಯೂಟಿ. ಚಹಾ ಕುಡಿಯುವಾಗ ನಿಮ್ಮ ಮಾತು ಓದಿದೆ.

ಅವರು ಯಾಕೆ ಓಡಲಿಲ್ಲ ಅಂತ ಹೇಳುತ್ತೇನೆ. ಮಿಷನ್ ಕೂಗಿದ ತಕ್ಷಣ ನಾವು ಮಿಷನ್ ನೋಡುವುದಿಲ್ಲ, ಕೂಸಿನ ಮುಖ ನೋಡುತ್ತೇವೆ. ಬಣ್ಣ ಹೇಗಿದೆ, ಎದೆ ಆಡುತ್ತಿದೆಯಾ, ಮೈ ಸಡಿಲ ಬಿದ್ದಿದೆಯಾ. ಕೂಸು ಕಾಲು ಝಾಡಿಸಿದರೂ ಪಾದದ ತಂತಿ ಅಲುಗಿ ಸುಳ್ಳು ಕೂಗು ಬರುತ್ತದೆ. ನಿಜವಾದ್ದಾದರೆ ಮೊದಲು ಮುಟ್ಟುತ್ತೇವೆ. ಪಾದ ತಟ್ಟಿದರೆ, ಬೆನ್ನು ಸವರಿದರೆ ಬಹಳ ಕೂಸುಗಳು ಎದ್ದು ಉಸಿರಾಡುತ್ತವೆ. ಕುತ್ತಿಗೆ ಮಡಚಿದ್ದರೆ ಭುಜದ ಕೆಳಗೆ ಬಟ್ಟೆಯ ಸಣ್ಣ ಸುರುಳಿ ಇಡುತ್ತೇವೆ. ಮೂಗಲ್ಲಿ ಸಿಂಬಳ ಇದ್ದರೆ ಎಳೆಯುತ್ತೇವೆ. ಅದಕ್ಕೂ ಏಳದಿದ್ದರೆ ಬ್ಯಾಗು ಮಾಸ್ಕು, ಅಂದರೆ ಮುಖಕ್ಕೆ ಮಾಸ್ಕ್ ಮುಚ್ಚಿ ಚೀಲ ಒತ್ತಿ ಉಸಿರು ಕೊಡುವುದು. ಆಗ ನಾವೂ ಓಡುತ್ತೇವೆ ಬಿಡಿ.

ಆ ಹಾಳೆ ಸುಮ್ನೆ ಗೀಚಿದ್ದಲ್ಲ. ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು, ಆಕ್ಸಿಜನ್ ಎಷ್ಟಕ್ಕೆ ಇಳಿಯಿತು, ಎದೆಬಡಿತ ಎಷ್ಟು, ಆಗ ಕೂಸು ಮಲಗಿತ್ತಾ ಹಾಲು ಕುಡಿಯುತ್ತಿತ್ತಾ, ತಾನಾಗಿ ಎದ್ದಿತಾ ತಟ್ಟಬೇಕಾಯಿತಾ, ಎಲ್ಲ ಅದರಲ್ಲೇ ಇರುತ್ತದೆ. ಬೆಳಗ್ಗೆ ಡಾಕ್ಟ್ರು ರೌಂಡ್ಸಿಗೆ ಬಂದಾಗ ಮೊದಲು ನೋಡುವುದೇ ಅದನ್ನು. ಹೋಗಿ "ಸಿಸ್ಟರ್, ಹಾಳೆ ಓದೋದು ನನಗೂ ಕಲಿಸ್ರಿ" ಅನ್ನಿ. ಕಲಿಸುತ್ತಾರೆ.

ಆದರೆ ನಿಮಗೆ ಒಂದು ಮಾತು ಬಿಡಿಸಿ ಹೇಳಬೇಕಿತ್ತು. ಅದು ಅವರ ತಪ್ಪೇ. ನಾವೂ ಹಾಗೇ ಮಾಡುತ್ತೇವೆ, ಹತ್ತು ಕೂಸು ನೋಡುವ ರಾತ್ರಿಯಲ್ಲಿ ಬಾಯಿಂದ ಮಾತು ಹೊರಡುವುದಿಲ್ಲ. ಗಾಡಿ ಮಾತ್ರ ಮಾಡಬೇಡಿ. ಈ ತೂಕದ ಕೂಸಿಗೆ ದಾರಿಯೇ ಕಷ್ಟ. ಮೈ ತಣ್ಣಗಾದರೆ ಉಸಿರು ಇನ್ನೂ ಜಾಸ್ತಿ ನಿಲ್ಲುತ್ತದೆ.

ಮಕ್ಕಳ_ವಾರ್ಡ್_ಪಿಜಿ · ಫೆಬ್ರವರಿ 12, ಬೆಳಗ್ಗೆ 7:05

ಸಿಸ್ಟರ್ ಹೇಳಿದ್ದು ಸರಿ. ಯಾಕೆ ಹೀಗಾಗುತ್ತದೆ ಅಂತ ನಾನು ಬರೆಯುತ್ತೇನೆ.

ಹೊಟ್ಟೆಯಲ್ಲಿ ಇರುವಾಗ ಕೂಸು ಆಕ್ಸಿಜನ್‌ಗಾಗಿ ಉಸಿರಾಡಬೇಕಿಲ್ಲ. ಮಾಸು ಎಲ್ಲ ಕೊಡುತ್ತದೆ. ಆಗೊಮ್ಮೆ ಈಗೊಮ್ಮೆ ಎದೆ ಆಡಿಸಿ ಅಭ್ಯಾಸ ಮಾಡುತ್ತದೆ, ನಿಲ್ಲಿಸುತ್ತದೆ, ಮತ್ತೆ ಮಾಡುತ್ತದೆ. ಅಲ್ಲಿ ನಿಲ್ಲಿಸಿದರೆ ಏನೂ ಆಗುವುದಿಲ್ಲ. 29 ವಾರಕ್ಕೆ ಹೊರಗೆ ಬಂದ ಕೂಸಿನ ಮಿದುಳಿನ ಬುಡ ಇನ್ನೂ ಅದೇ ರೂಢಿಯಲ್ಲಿದೆ. ದೊಡ್ಡವರಿಗೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಏರಿದರೂ ಮಿದುಳು ಎದ್ದು ಕೂರುತ್ತದೆ. ಇವಕ್ಕೆ ಆ ಚುರುಕು ಬಂದಿಲ್ಲ. ಆಕ್ಸಿಜನ್ ಇಳಿದಾಗ ನಾವು ಜೋರಾಗಿ ಉಸಿರಾಡುತ್ತೇವೆ. ಇವು ಒಂದೆರಡು ನಿಮಿಷ ಹಾಗೆ ಮಾಡಿ, ಆಮೇಲೆ ತಿರುಗಾ ಮಂದವಾಗುತ್ತವೆ.

20 ಸೆಕೆಂಡಿಗಿಂತ ಜಾಸ್ತಿ ನಿಂತರೆ, ಅಥವಾ ಕಡಿಮೆ ಹೊತ್ತು ನಿಂತರೂ ಎದೆಬಡಿತ ಬಿದ್ದರೆ, ಆಕ್ಸಿಜನ್ ಇಳಿದರೆ, ಅದನ್ನು ಆಪ್ನಿಯಾ ಅನ್ನುತ್ತೇವೆ. ಐದು ಹತ್ತು ಸೆಕೆಂಡು ನಿಂತು ಮತ್ತೆ ಜೋರಾಗಿ ಉಸಿರಾಡಿ ಮತ್ತೆ ನಿಲ್ಲುವುದು ಬೇರೆ, ಬಣ್ಣ ಬದಲಾಗದಿದ್ದರೆ ಅದಕ್ಕೆ ಹೆದರಬೇಡಿ. 28 ವಾರದೊಳಗೆ ಹುಟ್ಟಿದ ಹೆಚ್ಚುಕಡಿಮೆ ಎಲ್ಲ ಕೂಸುಗಳಿಗೂ ಆಪ್ನಿಯಾ ಇರುತ್ತದೆ. 30 ವಾರದ ಆಸುಪಾಸು ಅರ್ಧದಷ್ಟಕ್ಕೆ. 34 ದಾಟಿದರೆ ಬಹಳ ಕಡಿಮೆ.

ನಿದ್ದೆಯಲ್ಲೇ ಯಾಕೆ ಅಂದರೆ, ಈ ಕೂಸುಗಳ ನಿದ್ದೆ ಬಹುಪಾಲು ಅರೆನಿದ್ದೆ. ರೆಪ್ಪೆಯೊಳಗೆ ಕಣ್ಣು ಓಡಾಡುತ್ತಿರುತ್ತವೆ, ತುಟಿ ನಗುತ್ತದೆ, ಬೆರಳು ಕುಣಿಯುತ್ತವೆ. ಆಗ ಉಸಿರಿನ ತಾಳ ತಪ್ಪುತ್ತದೆ. ಪಕ್ಕೆಲುಬಿನ ಸ್ನಾಯು ಸಡಿಲವಾಗುತ್ತದೆ, ಗಂಟಲೂ ಮೆತ್ತಗಾಗಿ ಮುಚ್ಚಿಕೊಳ್ಳುತ್ತದೆ. ಒಮ್ಮೊಮ್ಮೆ ಮಿದುಳೇ ಮರೆಯುತ್ತದೆ, ಒಮ್ಮೊಮ್ಮೆ ದಾರಿ ಮುಚ್ಚಿರುತ್ತದೆ. ಜಾಸ್ತಿ ಸಲ ಎರಡೂ ಸೇರಿರುತ್ತದೆ.

ಒಂದು ಕೇಳಿ ಬನ್ನಿ: ಕೆಫೀನ್ ಶುರು ಮಾಡಿದ್ದಾರಾ?

ಸ್ಟೇಷನ್_ಬಜಾರ್ · ಫೆಬ್ರವರಿ 12, ಬೆಳಗ್ಗೆ 9:31

ಎಲ್ಲರೂ ಸೇರಿ "ಸಹಜ ಸಹಜ" ಅನ್ನಬೇಡಿ ಸರ್. ನಮ್ಮ ಅಕ್ಕನ ಮಗು ಒಂಬತ್ತು ತಿಂಗಳು ತುಂಬಿ ಹುಟ್ಟಿದ್ದು. ಎರಡನೇ ದಿನ ಮಲಗಿದ್ದಾಗ ಉಸಿರು ನಿಂತು ನೀಲಿಯಾಯಿತು. "ಹಾಲು ನೆತ್ತಿಗೇರಿರಬೇಕು, ಏನಾಗಂಗಿಲ್ಲ" ಅಂದು ಕಳಿಸಿದರು. ರಾತ್ರಿ ಮತ್ತೆ ಆಯಿತು. ಬೇರೆ ಕಡೆ ಒಯ್ದಾಗ ಫಿಟ್ಸ್ ಅಂತ ಗೊತ್ತಾಯಿತು, ಸಕ್ಕರೆ ಕೆಳಗೆ ಬಿದ್ದಿತ್ತು. ಅರ್ಧ ದಿನ ಹಾಳು. ಹಾಗಾಗಿ ತಟ್ಟಿ ಹೋಗುವವರನ್ನು ನಾನು ನಂಬುವುದಿಲ್ಲ.

ಮಕ್ಕಳ_ವಾರ್ಡ್_ಪಿಜಿ · ಫೆಬ್ರವರಿ 12, ಬೆಳಗ್ಗೆ 10:12

ನಿಮ್ಮ ಸಿಟ್ಟು ನ್ಯಾಯವಾದದ್ದೇ. ತುಂಬಿ ಹುಟ್ಟಿದ ಕೂಸಿನ ಉಸಿರು ನಿಂತರೆ ಅದು ಯಾವತ್ತೂ ಸಹಜ ಅಲ್ಲ. ಸೋಂಕು, ಫಿಟ್ಸ್, ಸಕ್ಕರೆ ಇಳಿಕೆ, ಮಿದುಳಲ್ಲಿ ರಕ್ತಸ್ರಾವ, ಹೃದಯದ ತೊಂದರೆ, ಹುಡುಕಲೇಬೇಕು. ತಿಂಗಳು ತುಂಬದ ಕೂಸಿಗೂ ಅಷ್ಟೇ: ಹುಟ್ಟಿದ ದಿನವೇ ಶುರುವಾದರೆ, ಅಥವಾ ಎರಡು ಮೂರು ಆಗುತ್ತಿದ್ದದ್ದು ದಿಢೀರ್ ಹತ್ತಾದರೆ, "ಏಳು ತಿಂಗಳದ್ದು" ಅಂತ ಕೈ ಚೆಲ್ಲುವ ಹಾಗಿಲ್ಲ. ಅದಕ್ಕೇ ಆ ಲೆಕ್ಕ ಬೇಕು. ಇವತ್ತು ಐದು ಅನ್ನುವುದಕ್ಕಿಂತ ನಿನ್ನೆ ಎಷ್ಟಿತ್ತು ಅನ್ನುವುದು ಮುಖ್ಯ.

ಆಳಂದದ_ಅಪ್ಪ · ಫೆಬ್ರವರಿ 12, ಮಧ್ಯಾಹ್ನ 2:15

ಕೇಳಿದೆ. ಕೆಫೀನ್ ಮೊದಲ ದಿನದಿಂದಲೇ ಕೊಡುತ್ತಿದ್ದಾರಂತೆ, ದಿನಕ್ಕೆ ಒಂದು ಸಲ. ಕಾಫಿಯಲ್ಲಿ ಇರುವುದೇ ಅಲ್ವಾ ಅದು? ನಮ್ಮ ಅವ್ವ ಕೇಳಿ ಹಣೆ ಚಚ್ಚಿಕೊಂಡಳು. ಮನೆಯಲ್ಲಿ ಹನ್ನೆರಡು ವರ್ಷದ ಹುಡುಗರಿಗೇ ಚಹಾ ಕೊಡುವುದಿಲ್ಲ ಅವಳು.

ಗಾಡಿ ಮಾಡಲಿಲ್ಲ. ಹಾಳೆ ಓದಲು ಕಲಿತೆ. ನಿನ್ನೆ ಐದು, ಮೊನ್ನೆ ನಾಲ್ಕು, ಅದರ ಹಿಂದಿನ ದಿನ ಆರು. ಸೂಪರ್ ಮಾರ್ಕೆಟಿನಲ್ಲಿ ಒಂದು ನೋಟ್‌ಬುಕ್ ತಂದು ನಾನೂ ಬರೆದಿಟ್ಟುಕೊಳ್ಳುತ್ತಿದ್ದೇನೆ.

ಮಕ್ಕಳ_ವಾರ್ಡ್_ಪಿಜಿ · ಫೆಬ್ರವರಿ 12, ಸಂಜೆ 6:40

ಅದೇ ಕೆಫೀನ್. ಮೊದಲ ಡೋಸ್ ಕೆಜಿಗೆ 20 ಮಿಲಿಗ್ರಾಂ, ಆಮೇಲೆ ದಿನಾ ಕೆಜಿಗೆ 5ರಿಂದ 10. ಕೆಫೀನ್ ಸಿಟ್ರೇಟ್ ಲೆಕ್ಕದಲ್ಲಿ ಹೇಳುತ್ತಿದ್ದೇನೆ. ಇದು ಆ ಮಂದ ಮಿದುಳನ್ನು ತಟ್ಟಿ ಎಬ್ಬಿಸುತ್ತದೆ, ಉಸಿರಾಟದ ಸ್ನಾಯುವಾದ ವಪೆಗೂ ಬಲ ಕೊಡುತ್ತದೆ. ಮೊದಲು ಅಮಿನೋಫಿಲ್ಲಿನ್ ಕೊಡುತ್ತಿದ್ದರು. ಅದರಲ್ಲಿ ಎದೆಬಡಿತ ವಿಪರೀತ ಏರುವ ಕಾಟ ಜಾಸ್ತಿ. 2006ರಲ್ಲಿ ಕೆಫೀನ್ ಬಗ್ಗೆ ದೊಡ್ಡ ಅಧ್ಯಯನ ಬಂತು. 500ರಿಂದ 1250 ಗ್ರಾಂ ತೂಕದ ಕೂಸುಗಳು, ಅವುಗಳ ಸಂಖ್ಯೆಯೂ 2006! ಕೆಫೀನ್ ಪಡೆದವು ಉಸಿರಿನ ಮಿಷನ್ನಿಂದ ಸುಮಾರು ಒಂದು ವಾರ ಮೊದಲೇ ಹೊರಬಂದವು. ಶ್ವಾಸಕೋಶ ಹಾಳಾಗುವುದೂ ಕಡಿಮೆಯಾಯಿತು. ಅಜ್ಜಿಗೆ ಹೇಳಿ, ಇದು ಚಟ ಹಿಡಿಸುವ ಕಾಫಿ ಅಲ್ಲ.

ಆಳಂದದ_ಅಪ್ಪ · ಫೆಬ್ರವರಿ 15, ರಾತ್ರಿ 10:20

ನೋಟ್‌ಬುಕ್ಕಿನ ಲೆಕ್ಕ: 12ಕ್ಕೆ ನಾಲ್ಕು, 13ಕ್ಕೆ ಮೂರು, 14ಕ್ಕೆ ನಾಲ್ಕು. ಇವತ್ತು ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಒಂಬತ್ತು. ಕೊನೆಯ ಎರಡಕ್ಕೆ ಬ್ಯಾಗು ಹಾಕಬೇಕಾಯಿತು. ಅವತ್ತು ನಡೆದು ಬಂದ ಅದೇ ಸಿಸ್ಟರ್ ಇವತ್ತು ಓಡಿದರು. ಎದೆಬಡಿತ 150 ಇದ್ದದ್ದು 62ಕ್ಕೆ ಬಿದ್ದಿತ್ತು.

ಸೋಂಕಿನ ಅನುಮಾನವಂತೆ. ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯಾ ಅಂತ ನೋಡುವ ಪರೀಕ್ಷೆ) ಕಳಿಸಿ, ವರದಿಗೆ ಕಾಯದೆ ಆ್ಯಂಟಿಬಯೋಟಿಕ್ ಶುರು ಮಾಡಿದ್ದಾರೆ. ಹಾಲು ನಿಲ್ಲಿಸಿದ್ದಾರೆ. ಸಿಪ್ಯಾಪ್ ಮತ್ತೆ ಮೂಗಿಗೆ ಬಂತು. ಜ್ವರ ಇಲ್ಲ, ಏನಿಲ್ಲ. ಬರೀ ಲೆಕ್ಕ ಏರಿತು, ಅಷ್ಟರಿಂದಲೇ ಹಿಡಿದರು. ಹೆಂಡತಿಗೆ ಇನ್ನೂ ಪೂರ್ತಿ ಹೇಳಿಲ್ಲ.

ಬೀದರ್_ಸಿಸ್ಟರ್ · ಫೆಬ್ರವರಿ 15, ರಾತ್ರಿ 10:58

ಜ್ವರ ಬರಲೇಬೇಕಂತಿಲ್ಲ ಅಣ್ಣಾ. ಈ ಕೂಸುಗಳಿಗೆ ಸೋಂಕಾದರೆ ಬಹಳ ಸಲ ಮೈ ತಣ್ಣಗಾಗುತ್ತದೆ, ಹಾಲು ಅರಗುವುದಿಲ್ಲ, ಉಸಿರು ನಿಲ್ಲುತ್ತದೆ. ಅದೇ ಅವರ ಭಾಷೆ. ಹೆಂಡತಿಗೆ ಹೇಳಿ. ಮುಚ್ಚಿಟ್ಟರೆ ಅವರು ಇನ್ನೂ ಕೆಟ್ಟದ್ದನ್ನೇ ಊಹಿಸುತ್ತಾರೆ. ಹಾಲು ಹಿಂಡಿ ತೆಗೆಯುವುದನ್ನು ಮಾತ್ರ ನಿಲ್ಲಿಸದಿರಲಿ, ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ಈಗ ಕೂಸು ಕುಡಿಯದಿದ್ದರೂ ನಾಲ್ಕು ದಿನಕ್ಕೆ ಬೇಕಾಗುತ್ತದೆ. ಕೈ ತೊಳೆಯದೆ ಯಾರೂ ಪೆಟ್ಟಿಗೆಯ ಕಿಟಕಿಯಲ್ಲಿ ಕೈ ಹಾಕಬೇಡಿ, ಉಂಗುರ, ಕೈದಾರ ಬಿಚ್ಚಿ. ದೊಡ್ಡ ಡಾಕ್ಟ್ರು ಬರಿಗೈಯಲ್ಲಿ ಬಂದರೂ ಹೇಳಿ, ಬೈದರೆ ಬೈಯಲಿ.

ಸೇಡಂ_ಅವ್ವ · ಫೆಬ್ರವರಿ 24, ಮಧ್ಯಾಹ್ನ 12:10

ತಮ್ಮಾ, ಹೇಗಿದ್ದಾಳೆ ಕೂಸು? ಒಂಬತ್ತು ದಿನ ಸುದ್ದಿಯಿಲ್ಲ.

ನನ್ನವು ಅವಳಿಜವಳಿ. 30 ವಾರಕ್ಕೆ ಹುಟ್ಟಿದವು, ಈಗ ಒಂದನೇ ಕ್ಲಾಸು. ಹುಟ್ಟಿದಾಗ ಸಂಬಂಧಿಕರು "ಏಳಾದರೆ ಉಳಿತಾವ, ಎಂಟಾದರೆ ಉಳಿಯಂಗಿಲ್ಲ" ಅಂದರು. ಎಲ್ಲಿಂದ ಬಂತೋ ಈ ಮಾತು! ಒಂದೊಂದು ವಾರ ಜಾಸ್ತಿ ಒಳಗಿದ್ದಷ್ಟೂ ಒಳ್ಳೆಯದು ಅಂತ ಡಾಕ್ಟ್ರು ಬಿಡಿಸಿ ಹೇಳಿದ ಮೇಲೆ ನಮ್ಮತ್ತೆ ಸುಮ್ಮನಾದರು. ನಿಮ್ಮಲ್ಲಿ ಕಾಂಗರೂ, ಅಂದರೆ ಕೂಸನ್ನು ಬರಿ ಎದೆಗೆ ಕಟ್ಟಿಕೊಳ್ಳುವುದು, ಶುರುವಾಯಿತಾ?

ಆಳಂದದ_ಅಪ್ಪ · ಫೆಬ್ರವರಿ 24, ರಾತ್ರಿ 9:15

ಅಕ್ಕಾ, ಕ್ಷಮಿಸಿ. ಬರೆಯುವ ಮನಸ್ಸಿರಲಿಲ್ಲ. ಕಲ್ಚರ್‌ನಲ್ಲಿ ಸೋಂಕು ಬಂತು. ಔಷಧಿ ಹಿಡಿಯಿತು. ಮೂರನೇ ದಿನಕ್ಕೆ ಲೆಕ್ಕ ಆರಕ್ಕೆ ಇಳಿಯಿತು, ಆಮೇಲೆ ಎರಡಕ್ಕೆ. ಸಿಪ್ಯಾಪ್ ತೆಗೆದು ಮೂರು ದಿನವಾಯಿತು. ಹಾಲು ನಳಿಗೆಯಲ್ಲಿ ಹೋಗುತ್ತಿದೆ.

ಕಾಂಗರೂ ನಿನ್ನೆ ಶುರು. ಅವಳ ಅವ್ವ ಮೂರು ಗಂಟೆ ಇಟ್ಟುಕೊಂಡಳು. ಆಪರೇಷನ್ ಗಾಯ ನೋವು ಅಂದಾಗ ಸಿಸ್ಟರ್ ನನ್ನ ಕಡೆ ತಿರುಗಿ "ನೀವು ಅಂಗಿ ಬಿಚ್ರಿ" ಅಂದರು. ಒಳಗೆ ಇನ್ನೂ ನಾಲ್ಕು ಜನ ಹೆಣ್ಣುಮಕ್ಕಳು. ನಾಚಿಕೆಯಿಂದ ಸತ್ತೇ ಹೋದೆ. ಪರದೆ ಎಳೆದರು. ಕೂಸನ್ನು ಎದೆ ಮೇಲೆ ಹಾಕಿ ಬಟ್ಟೆ ಬಿಗಿದರು. ಒಂದು ತೊಗರಿ ಚೀಲ ಎತ್ತುವ ಕೈ ನನ್ನದು, ಆ 1200 ಗ್ರಾಂ ಭಾರಕ್ಕೆ ನಡುಗುತ್ತಿತ್ತು. ಎರಡು ಗಂಟೆ ಅಲುಗದೆ ಕೂತೆ. ಮಿಷನ್ ಒಂದು ಸಲವೂ ಕೂಗಲಿಲ್ಲ.

ಸೇಡಂ_ಅವ್ವ · ಫೆಬ್ರವರಿ 24, ರಾತ್ರಿ 9:40

ಓದಿ ಕಣ್ಣಲ್ಲಿ ನೀರು ಬಂತು ತಮ್ಮಾ. ನಮ್ಮ ಮನೆಯವರಿಗೆ ಅವರ ಕಾಕಾ "ಗಂಡಸು ಬಾಣಂತನ ಮಾಡ್ಲಿಕ್ಕತ್ಯಾನ" ಅಂತ ನಕ್ಕಿದ್ದರು. ನಗಲಿ.

ಮಕ್ಕಳ_ವಾರ್ಡ್_ಪಿಜಿ · ಫೆಬ್ರವರಿ 25, ಬೆಳಗ್ಗೆ 6:50

ಈ ಕಾಂಗರೂ ಶುರುವಾದದ್ದು 1978ರಲ್ಲಿ, ಕೊಲಂಬಿಯಾದ ಬೊಗೊಟಾದಲ್ಲಿ. ಪೆಟ್ಟಿಗೆಗಳು ಸಾಲದೆ ಒಂದರಲ್ಲೇ ಎರಡು ಮೂರು ಕೂಸು ಮಲಗಿಸುತ್ತಿದ್ದರು, ಸೋಂಕು ಹಬ್ಬುತ್ತಿತ್ತು. ಎಡ್ಗರ್ ರೇ ಅನ್ನುವ ಡಾಕ್ಟರ್ ತಾಯಂದಿರ ಎದೆಯನ್ನೇ ಪೆಟ್ಟಿಗೆ ಮಾಡಿದರು. 2021ರಲ್ಲಿ ಐದು ದೇಶಗಳ ಅಧ್ಯಯನ ಬಂತು, ಅದರಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಇತ್ತು. 1000ದಿಂದ 1799 ಗ್ರಾಂ ಕೂಸುಗಳನ್ನು ಸುಧಾರಿಸುವ ತನಕ ಕಾಯದೆ, ಹುಟ್ಟಿದ ಕೂಡಲೇ ಎದೆಗೆ ಹಾಕಿದರು. ಮೊದಲ 28 ದಿನದ ಸಾವು 100ಕ್ಕೆ 15.7 ಇದ್ದದ್ದು 12ಕ್ಕೆ ಇಳಿಯಿತು. ಈಗ ದಿನಕ್ಕೆ 8ರಿಂದ 24 ಗಂಟೆ ಅನ್ನುತ್ತಾರೆ. ನಮ್ಮ ಕಡೆ ಒಂದು ಗಂಟೆ ಇಟ್ಟುಕೊಂಡು ಸೆಲ್ಫಿ ತೆಗೆದು ವಾಪಸ್ ಕೊಡುವವರೇ ಜಾಸ್ತಿ.

ಒಂದು ಎಚ್ಚರ. ಎದೆ ಮೇಲಿರುವಾಗ ಕೂಸಿನ ಗದ್ದ ಅದರ ಎದೆಗೆ ಮಡಚಬಾರದು. ಮುಖ ಒಂದು ಪಕ್ಕಕ್ಕೆ, ಮೂಗು ಬಾಯಿ ನಿಮಗೆ ಕಾಣುತ್ತಿರಬೇಕು. ಕುತ್ತಿಗೆ ಮಡಚಿದರೆ ಉಸಿರಿನ ದಾರಿ ಮುಚ್ಚುತ್ತದೆ. ನೀವು ನಿದ್ದೆ ಹೋಗುವ ಹಾಗಿದ್ದರೆ ಒರಗು ಕುರ್ಚಿ ಕೇಳಿ. ಮಾರ್ಚ್ 4ರೊಳಗೆ ಕಣ್ಣಿನ ಪರೀಕ್ಷೆ ಆಗಲೇಬೇಕು, ಮರೆಯಬೇಡಿ. 2 ಕೆಜಿಗಿಂತ ಕಡಿಮೆ ಹುಟ್ಟಿದವಕ್ಕೆ 30 ದಿನ ದಾಟುವ ಮೊದಲು ರೆಟಿನಾ ನೋಡಬೇಕು.

ಆಳಂದದ_ಅಪ್ಪ · ಮಾರ್ಚ್ 14, ಸಂಜೆ 7:30

ಕಣ್ಣು ನೋಡಿದರು, ತೊಂದರೆ ಇಲ್ಲ. ಮಾರ್ಚ್ 9ಕ್ಕೆ ಕೆಫೀನ್ ನಿಲ್ಲಿಸಿದರು, 34 ವಾರ ದಾಟಿತ್ತು. ಏಳು ದಿನ ಒಂದೂ ಆಗದಿದ್ದರೆ ಮನೆಗೆ ಅಂದಿದ್ದರು. ಒಂದು, ಎರಡು, ಮೂರು, ನಾಲ್ಕು. ಅವ್ವ ತೊಟ್ಟಿಲು ತೊಳೆಸಿದ್ದಳು. ಇವತ್ತು ಐದನೇ ದಿನ. ಒಳಲೆಯಲ್ಲಿ ಹಾಲು ಕುಡಿಸುವಾಗ ತಡೆದುಕೊಂಡಳು, ನೀಲಿಯಾದಳು, ಎದೆಬಡಿತ 70ಕ್ಕೆ ಹೋಯಿತು. ತಟ್ಟಬೇಕಾಯಿತು. ಮತ್ತೆ ಒಂದರಿಂದ ಎಣಿಕೆ.

ಹಾಲು ಕುಡಿಯುವಾಗ ಆದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕಾ? ಸಿಟ್ಟು ಬಂತು. ದವಾಖಾನೆ ಊಟ ತಿಂದು ಎಲ್ಲರ ಬಾಯಿ ಕೆಟ್ಟಿದೆ.

ಬೀದರ್_ಸಿಸ್ಟರ್ · ಮಾರ್ಚ್ 14, ರಾತ್ರಿ 8:05

ಕೆಲವು ಕಡೆ ಹಾಲಿನ ಹೊತ್ತಿನದ್ದು ಬೇರೆ ಲೆಕ್ಕ ಹಾಕುತ್ತಾರೆ. ತಟ್ಟಿ ಎಬ್ಬಿಸಬೇಕಾಯಿತು ಅಂದಮೇಲೆ ನಾನಾದರೂ ಕಳಿಸುವುದಿಲ್ಲ. ಚೀಪುವುದು, ನುಂಗುವುದು, ಉಸಿರಾಡುವುದು, ಮೂರೂ ಜೊತೆಯಾಗಿ ಕೂಡುವುದು ಈಗಷ್ಟೇ, 34 ವಾರದಲ್ಲಿ. ಕೂಸನ್ನು ಪಕ್ಕಕ್ಕೆ ವಾಲಿಸಿ, ಸ್ವಲ್ಪ ಸ್ವಲ್ಪವೇ ಹನಿಸಿ, ನಡುನಡುವೆ ನಿಲ್ಲಿಸಿ ಉಸಿರಾಡಲು ಬಿಡಿ.

ಇನ್ನೊಂದು. ಕೆಫೀನ್ ದೊಡ್ಡವರ ಮೈಯಲ್ಲಿ ಐದು ಗಂಟೆಗೆ ಅರ್ಧ ಕರಗುತ್ತದೆ. ಇವರ ಮೈಯಲ್ಲಿ ಅರ್ಧ ಕರಗಲು ಸುಮಾರು 100 ಗಂಟೆ. ನಾಲ್ಕು ದಿನ ಸುಮ್ಮನಿದ್ದಳು ಅಂದರೆ ಔಷಧಿಯ ಬಲದಲ್ಲೇ ಇದ್ದಳು. ಐದನೇ ದಿನದಿಂದಲೇ ಅವಳ ನಿಜವಾದ ಪರೀಕ್ಷೆ.

ಸ್ಟೇಷನ್_ಬಜಾರ್ · ಮಾರ್ಚ್ 15, ಬೆಳಗ್ಗೆ 8:20

ನಾನು ಮೊದಲು ಜಗಳ ಆಡಿದವನು. ಈ ಸಿಸ್ಟರ್ ಮಾತು ನಮ್ಮ ಅಕ್ಕನಿಗೆ ಅವತ್ತು ಯಾರಾದರೂ ಹೇಳಿದ್ದರೆ! ಆಳಂದದವರೇ, ದವಾಖಾನೆ ಹೊರಗೆ ಊಟಕ್ಕೆ ಕಷ್ಟ ಇದ್ದರೆ ಹೇಳಿ. ನಮ್ಮ ಮನೆ ದೂರ ಇಲ್ಲ. ರೊಟ್ಟಿ, ಪುಂಡಿಪಲ್ಯ ಕಟ್ಟಿಸಿ ತರುತ್ತೇನೆ.

ಆಳಂದದ_ಅಪ್ಪ · ಮಾರ್ಚ್ 22, ರಾತ್ರಿ 10:02

ಮನೆಗೆ ಬಂದೆವು. 1720 ಗ್ರಾಂ. 16ಕ್ಕೆ ಆರು ವಾರದ ಲಸಿಕೆ ಒಳಗೇ ಹಾಕಿದರು. ಲಸಿಕೆ ನಂತರ ಇಂಥ ಕೂಸುಗಳಿಗೆ ಎರಡು ಮೂರು ದಿನ ಮತ್ತೆ ಉಸಿರು ನಿಲ್ಲಬಹುದು ಅಂತ ಮಿಷನ್ ಹಚ್ಚಿಯೇ ಇಟ್ಟಿದ್ದರು. ಏನೂ ಆಗಲಿಲ್ಲ. ಎಂಟು ದಿನ ಪೂರ್ತಿ ಖಾಲಿ ಹಾಳೆ. ಸ್ಟೇಷನ್ ಬಜಾರಿನ ಅಣ್ಣ ನಾಲ್ಕು ಸಲ ರೊಟ್ಟಿ ತಂದುಕೊಟ್ಟರು. ಮೊದಲ ಸಲ ಒಬ್ಬರನ್ನೊಬ್ಬರು ಗುರುತು ಹಿಡಿಯಲು ಗೇಟಿನಲ್ಲಿ ಫೋನ್ ಹಿಡಿದು ನಿಂತಿದ್ದೆವು.

ಈಗ ಮನೆಯಲ್ಲಿ ಮಿಷನ್ ಇಲ್ಲ. ನಿಶ್ಶಬ್ದ. ಇದೇ ಹೆದರಿಕೆ. ಕಾಲಿಗೆ ಹಾಕುವ ಸಾಕ್ಸ್ ಥರದ ಮಿಷನ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ತರಿಸಲಾ? ಅಲ್ಲಿ ಅವಳನ್ನು ಬೋರಲು ಮಲಗಿಸುತ್ತಿದ್ದರು, ಇಲ್ಲೂ ಹಾಗೇ ಮಲಗಿಸಬೇಕಾ? ಅವ್ವ ಲೋಬಾನ ಹಾಕುತ್ತೇನೆ ಅನ್ನುತ್ತಾಳೆ.

ಮಕ್ಕಳ_ವಾರ್ಡ್_ಪಿಜಿ · ಮಾರ್ಚ್ 22, ರಾತ್ರಿ 11:15

ಬೋರಲು ಬೇಡವೇ ಬೇಡ. ಅಲ್ಲಿ ತಂತಿ ಇತ್ತು, ನೋಡುವ ಕಣ್ಣಿತ್ತು. ಮನೆಯಲ್ಲಿ ಯಾವಾಗಲೂ ಅಂಗಾತ. ಗಟ್ಟಿ ಹಾಸಿಗೆ, ದಿಂಬು ಬೇಡ, ಸಾಸಿವೆ ದಿಂಬೂ ಬೇಡ. ಕೌದಿ ಮುಖದ ಮೇಲೆ ಬರಬಾರದು. ಜೋಳಿಗೆಯಲ್ಲಿ ಮಲಗಿಸಿದರೆ ಬೆನ್ನು ಬಾಗಿ ಗದ್ದ ಎದೆಗೆ ಮುಟ್ಟುತ್ತದೆ, ಸದ್ಯಕ್ಕೆ ಅದು ಬೇಡ. ಲೋಬಾನ, ಬೀಡಿ, ಒಲೆ ಹೊಗೆ, ಯಾವುದೂ ಆ ಕೋಣೆಗೆ ಬರಬಾರದು. ಮೂಗಿಗೆ ಎಣ್ಣೆ ಬಿಡುವುದೂ ಬೇಡ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅವ್ವನಿಗೆ ಕೆಲಸ ಬೇಕಾದರೆ ಕಾಂಗರೂ ಅವರೂ ಮಾಡಬಹುದು.

ಸಾಕ್ಸ್ ಮಿಷನ್‌ಗೆ ದುಡ್ಡು ಹಾಕಬೇಡಿ. ಅಂಥವು ತೊಟ್ಟಿಲ ಸಾವನ್ನು ತಡೆಯುತ್ತವೆ ಅನ್ನುವುದಕ್ಕೆ ಆಧಾರ ಇಲ್ಲ. ಸುಳ್ಳು ಕೂಗಿಗೆ ಎದ್ದೆದ್ದು ನೀವು ಸುಸ್ತಾಗುತ್ತೀರಿ. ನೀಲಿಯಾದರೆ, ಮೈ ಸಡಿಲ ಬಿದ್ದರೆ, ಹಾಲು ಬಿಟ್ಟರೆ, ಮೈ ತಣ್ಣಗಾದರೆ ತಡಮಾಡದೆ 108. ಗಾಡಿ ಬರುವ ತನಕ ಪಾದ ತಟ್ಟಿ, ಬೆನ್ನು ಉಜ್ಜಿ. ಹೇಗೆ ಅಂತ ನಿಮಗೆ ಹೇಳಬೇಕಿಲ್ಲ. ಆದರೂ ಬಾಯಿಯಿಂದ ಉಸಿರು ಕೊಡುವುದನ್ನು ಕಲಿಸಿ ಕಳಿಸಿದರಾ?

ಆಳಂದದ_ಅಪ್ಪ · ಮಾರ್ಚ್ 22, ರಾತ್ರಿ 11:30

ಕಲಿಸಿದರು, ಗೊಂಬೆ ಮೇಲೆ. ನನಗಿಂತ ನನ್ನ ಹೆಂಡತಿ ಚೆನ್ನಾಗಿ ಮಾಡಿದಳು.

ಆಳಂದದ_ಅಪ್ಪ · ಏಪ್ರಿಲ್ 18, ಮಧ್ಯಾಹ್ನ 3:45

ಇವತ್ತು ಅವಳು ಹುಟ್ಟಬೇಕಿದ್ದ ದಿನ. 2400 ಗ್ರಾಂ. ಹೊರಗೆ ಬೆಂಕಿ ಬಿಸಿಲು. ಕುಲಾಯಿ, ಕಾಲುಚೀಲ ಎಲ್ಲ ತೆಗೆಸಿದ್ದೇನೆ. ಜಾಸ್ತಿ ಸೆಕೆಯಾದರೂ ಉಸಿರಿನ ತಾಳ ತಪ್ಪುತ್ತದೆ ಅಂತ ಆಶಾ ಅಕ್ಕ ಬಂದಾಗ ಹೇಳಿದ್ದರು. ಅವ್ವನಿಗೆ ಸಮಾಧಾನ ಇಲ್ಲ, ಬಾಣಂತಿ ಕೋಣೆಯಲ್ಲಿ ಕೂಲರ್ ಯಾವಾಗ ಕಂಡಿದ್ದಳು ಅವಳು! ಗಾಳಿ ನೇರ ಕೂಸಿನ ಮೇಲೆ ಬೀಳದ ಹಾಗೆ ತಿರುಗಿಸಿಟ್ಟಿದ್ದೇವೆ.

ಮೊದಲ ವಾರ ನಾನೂ ಹೆಂಡತಿಯೂ ಪಾಳಿ ಹಾಕಿಕೊಂಡು ಕೂಸಿನ ಎದೆ ನೋಡುತ್ತಾ ಕೂತಿದ್ದೆವು. ಈಗ ಹಾಗಿಲ್ಲ. ನಿನ್ನೆ ರಾತ್ರಿ ಕರೆಂಟ್ ಹೋಗಿ ಕೂಲರ್ ನಿಂತಾಗ ಮಾತ್ರ ಇಬ್ಬರಿಗೂ ಒಟ್ಟಿಗೆ ಎಚ್ಚರವಾಯಿತು. ಕತ್ತಲಲ್ಲಿ ಅವಳ ಕೈ, ನನ್ನ ಕೈ, ಎರಡೂ ಒಂದೇ ಸಲ ಕೂಸಿನ ಹೊಟ್ಟೆ ಮೇಲೆ ಬಂದವು.

ನೋಟ್‌ಬುಕ್ಕಿನ ಹಿಂದಿನ ಅರ್ಧ ಖಾಲಿ ಉಳಿದಿತ್ತು. ಅದರಲ್ಲಿ ಈಗ ಹಾಲಿನವನ ಲೆಕ್ಕ ಬರೆಯುತ್ತಿದ್ದಾಳೆ.

ಬೀದರ್_ಸಿಸ್ಟರ್ · ಏಪ್ರಿಲ್ 18, ರಾತ್ರಿ 9:10

ಕಬ್ಬಿಣದ ಹನಿ ಕೊಡುತ್ತಿದ್ದೀರಾ? ರಕ್ತ ಕಡಿಮೆಯಾದರೂ ಉಸಿರು ತಪ್ಪುತ್ತದೆ.

ಆಳಂದದ_ಅಪ್ಪ · ಏಪ್ರಿಲ್ 18, ರಾತ್ರಿ 9:12

ಕೊಡುತ್ತಿದ್ದೇವೆ ಸಿಸ್ಟರ್. ಕರಿ ಸಂಡಾಸ ಅಂತ ಅವ್ವ ಮತ್ತೆ ಹಣೆ ಚಚ್ಚಿಕೊಂಡಳು.